ಸೀಗೆಬೋರೆಯ ಕೆಂಪು ಬಟ್ಟೆ

ಕೌದಳ್ಳಿಯ ಜಡೇಸ್ವಾಮಿಯ ಪಂಕ್ಚರ್ ಅಂಗಡಿಗೆ ಗಾಳಿ ಹಾಕಿಸಲು ಬಂದವರು ಒಂದಿಷ್ಟು ಉಗಿಸಿಕೊಂಡೇ ಹೋಗಬೇಕಿತ್ತು. ನುಣ್ಣಗೆ ಸವೆದ ಟೈರಿನಲ್ಲಿ ಮಲೆ ಮಹದೇಶ್ವರ ಬೆಟ್ಟ ಹತ್ತಲು ಹೊರಟವರು "ಮಾದಪ್ಪ ಕಾಪಾಡ್ತಾನೆ ಬುಡಿ" ಅಂದರೆ, "ಮಾದಪ್ಪಂಗೆ ಬ್ಯಾರೆ ಕೆಲ್ಸ ಇಲ್ವಾ, ನಿನ್ ಟ್ಯೂಬ್ ಇಡ್ಕಂಡ್ ಕೂತಿರಕೆ?" ಎಂದು ಕೇಳುತ್ತಿದ್ದ. ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬ್ಯಾನರಿನಲ್ಲಿ ಕೈ ಮುಗಿದು ನಿಂತವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಊರಿನವರು ಅವನ ಬಾಯಿಗೆ ಮೊದಮೊದಲು ಜಗಳ ತೆಗೆದು, ಆಮೇಲೆ ಬೇಸತ್ತು, ಈಗ ಒಗ್ಗಿಹೋಗಿದ್ದರು.

ಅಂಗಡಿಯ ಮುಂದೆ ಕೂತರೆ ಸೀಗೆಬೋರೆ ಕಾಣುತ್ತದೆ. ಕಾಡಿನ ಗಡಿಯಿಂದ ಈಚೆಗೆ, ಗೋಮಾಳದಲ್ಲಿ ಒಂಟಿಯಾಗಿ ಎದ್ದ ಗುಡ್ಡ. ಅದರ ಮೂಡಲ ಮಗ್ಗುಲಲ್ಲಿ ಒಂದು ಕಾಲಕ್ಕೆ ಹುಲ್ಲಿನ ಇಳಿಜಾರಿತ್ತು. ಹದಿನಾಲ್ಕು ವರ್ಷದ ಹಿಂದೆ ಜನ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಆ ಇಳಿಜಾರಿನಲ್ಲಿ ಓಡಿ ಗಾಳಿಗೆ ಬೀಳುತ್ತಿದ್ದರು. ಅದಕ್ಕೆ ಪ್ಯಾರಾಗ್ಲೈಡಿಂಗ್ ಎಂದು ಹೆಸರು, ಊರಿನವರ ಬಾಯಲ್ಲಿ ಪ್ಯಾರಾಚೂಟು. ಈಗ ಅಲ್ಲಿ ಲಂಟಾನದ ಪೊದೆ ಎರಡಾಳೆತ್ತರ ಬೆಳೆದು, ಕಾಡುಹಂದಿಗಳ ಸಂಸಾರ ಬಿಟ್ಟರೆ ಇನ್ಯಾರೂ ನುಗ್ಗುವಂತಿರಲಿಲ್ಲ. ಜಡೇಸ್ವಾಮಿ ತನ್ನ ಬೆಂಚನ್ನು ಗುಡ್ಡಕ್ಕೆ ಬೆನ್ನಾಗುವಂತೆ ತಿರುಗಿಸಿ ಹಾಕಿಕೊಂಡಿದ್ದ.

ಜನವರಿಯ ಒಂದು ಬೆಳಿಗ್ಗೆ ದೀಪ ಬಂದು ಆ ಬೆಂಚಿನ ಮೇಲೆ ಕೂತಳು. ಯಳಂದೂರು ತಾಲ್ಲೂಕಿನ ಅಗರದ ಹುಡುಗಿ, ವಯಸ್ಸು ಇಪ್ಪತ್ತೇಳು. ಮಹಾರಾಷ್ಟ್ರದ ಬೆಟ್ಟಗಳಲ್ಲಿ ಎರಡು ವರ್ಷ ಹಾರುವುದನ್ನು ಕಲಿತು ಲೈಸೆನ್ಸ್ ತಂದಿದ್ದಳು. ಸೀಗೆಬೋರೆಯನ್ನು ಮತ್ತೆ ಹಾರುವ ಜಾಗ ಮಾಡಬೇಕು ಅಂದಳು.

"ಅಗರದಲ್ಲಿ ಗದ್ದೆ ಇಲ್ವೇನವ್ವಾ?" ಅಂದ ಜಡೇಸ್ವಾಮಿ. "ಕೈಕಾಲ್ ನೆಟ್ಟಗಿರಾದು ಬ್ಯಾಸರ ಆಗದಾ ನಿಂಗೆ?"

"ಗದ್ದೆ ಅದೆ ಕಣಣ್ಣ, ಕೈಕಾಲೂ ಬೇಕು. ಅದುಕ್ಕೇ ನಿಮ್ಮತ್ರ ಬಂದಿರಾದು. ಆ ಗುಡ್ಡದ ಗಾಳಿ ಗೊತ್ತಿರೋರು ನೀವೊಬ್ರೇ ಅಂದ್ರು."

ಯಾರು ಹಾಗೆ ಅಂದದ್ದು ಎಂದು ಜಡೇಸ್ವಾಮಿ ಕೇಳಲಿಲ್ಲ. ಮಾತು ನಿಜವಾಗಿತ್ತು. ಆ ಕಾಲದಲ್ಲಿ ಹನೂರಿನ ಲಾಡ್ಜ್ ಮಾಲೀಕ ಗುರುಪಾದಸ್ವಾಮಿ ಅಲ್ಲೊಂದು ಕ್ಲಬ್ ನಡೆಸುತ್ತಿದ್ದ. ಜಡೇಸ್ವಾಮಿ ಅದರ ಗಾಳಿ ನೋಡುವವನು. ತಾನೆಂದೂ ಹಾರಿದವನಲ್ಲ. ಗುಡ್ಡದ ನೆತ್ತಿಯಲ್ಲಿ ಬಿದಿರಿನ ಗಳುವಿಗೆ ಹಗ್ಗ ಕಟ್ಟಿ ಒಂದು ಕೆಂಪು ಬಟ್ಟೆ ಇಟ್ಟುಕೊಂಡಿದ್ದ. ಬಟ್ಟೆ ಮೇಲಿದ್ದರೆ ಯಾರೂ ಹಾರುವಂತಿಲ್ಲ, ಇಳಿದರೆ ಹಾರಬಹುದು. ಬೆಳಿಗ್ಗೆಯೆಲ್ಲ ಗಾಳಿ ಕೆಳಗಿನ ಹೊಲಗಳಿಂದ ಮೇಲಕ್ಕೆ ಬಂದು ರೆಕ್ಕೆಯನ್ನು ಎತ್ತಿಕೊಳ್ಳುತ್ತದೆ. ಹನ್ನೊಂದರ ಮೇಲೆ ಅದೇ ಗಾಳಿ ಗುಡ್ಡದ ಬೆನ್ನ ಕಡೆಯಿಂದ ತಿರುಗಿ ಮುಂದಕ್ಕೆ ದಬ್ಬುತ್ತದೆ. ಆಗ ಹಾರಿದವನನ್ನು ಅದು ಎತ್ತುವುದಿಲ್ಲ, ಒಗೆಯುತ್ತದೆ.

ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಎರಡು ಬಸ್ಸು ಜನ ನೋಡಲು ಬಂದಿದ್ದರು. ಕೆಂಪು ಬಟ್ಟೆ ಮೇಲಿತ್ತು. ಗುರುಪಾದಸ್ವಾಮಿ ಜಡೇಸ್ವಾಮಿಯ ಕಿವಿಯ ಹತ್ತಿರ ಬಂದು, "ಒಂದ್ ನಿಮಿಷ ಇಳ್ಸಯ್ಯ. ಆಮೇಲ್ ಬೇಕಾದ್ರೆ ಏರಿಸ್ಕೊ" ಅಂದ. ಜಡೇಸ್ವಾಮಿ ಇಳಿಸಿದ. ರೆಕ್ಕೆ ಕಟ್ಟಿಕೊಂಡು ನಿಂತಿದ್ದವನು ಅವನ ಚಿಕ್ಕಪ್ಪನ ಮಗ ನಿಂಗರಾಜು. ಅವನನ್ನು ಕ್ಲಬ್ಬಿಗೆ ಸೇರಿಸಿದವನೂ ಜಡೇಸ್ವಾಮಿಯೇ. ನಿಂಗರಾಜು ತಿರುಗಿ ಗಳುವಿನ ಕಡೆ ನೋಡಿದ, ಅಣ್ಣನ ಕಡೆ ನೋಡಿದ, ಓಡಿದ. ಮೂವತ್ತು ಅಡಿ ಏರಿದ ರೆಕ್ಕೆ ಗಾಳಿಯಲ್ಲೇ ಮಡಿಚಿಕೊಂಡು ಅವನನ್ನು ಬಂಡೆಯ ಮೇಲೆ ಹಾಕಿತು. ಸೊಂಟದ ಕೆಳಗೆ ಅವನಿಗೆ ಮತ್ತೆ ಸ್ಪರ್ಶವೇ ಬರಲಿಲ್ಲ. ಹುಡುಗನ ಆತುರ ಎಂದು ಎಲ್ಲರಿಗೂ ಹೇಳಿಕೊಂಡು ಗುರುಪಾದಸ್ವಾಮಿ ಕ್ಲಬ್ ಮುಚ್ಚಿದ. ಲಂಟಾನ ಬಂದು ಜಾಗವನ್ನು ತನ್ನದು ಮಾಡಿಕೊಂಡಿತು.

ದೀಪಳಿಗೆ ಇದಿಷ್ಟನ್ನೂ ಜಡೇಸ್ವಾಮಿ ಒಂದು ಲಾರಿ ಟೈರು ಬಿಚ್ಚುವಷ್ಟರಲ್ಲಿ ಹೇಳಿ ಮುಗಿಸಿದ. ಕೊನೆಗೆ ಅಂದ: "ನಾ ಬತ್ತೀನಿ. ಆದ್ರೆ ಕೆಂಪು ಬಟ್ಟೆ ನನ್ ಕೈಲಿರ್ಬೇಕು. ದೇವ್ರೇ ಬಂದು ಇಳ್ಸು ಅಂದ್ರೂ ನಾ ಇಳ್ಸಲ್ಲ. ನಾನಾಗ್ ಇಳ್ಸಗಂಟ ನೀನೂ ಹಾರಂಗಿಲ್ಲ. ಒಪ್ಗೆನಾ?"

"ಒಪ್ಗೆ ಕಣಣ್ಣ."

ಜಡೇಸ್ವಾಮಿ ಮಾತು ಕೊಟ್ಟುಬಿಟ್ಟಿದ್ದ. ಅವತ್ತು ತನ್ನಿಂದ ಆಗದೇ ಹೋದದ್ದು ಇವತ್ತಾದರೂ ಆಗುತ್ತದೆಯೇ ಎಂದು ಅವನಿಗೇ ಗೊತ್ತಿರಲಿಲ್ಲ. ಲೋಕದವರನ್ನೆಲ್ಲ ಹಳಿದು ಹದಿನಾಲ್ಕು ವರ್ಷ ಕಳೆದಿದ್ದ. ತನ್ನನ್ನು ಮಾತ್ರ ಆ ಸಾಲಿಗೆ ಸೇರಿಸದೆ ಬೆಂಚು ತಿರುಗಿಸಿ ಕೂತಿದ್ದ.

ಗುಡ್ಡ ಬೋಳಿಸುವ ಕೆಲಸಕ್ಕೆ ಕ್ಯಾತಮ್ಮ ಬಂದಳು. ಬೆಟ್ಟದ ಪೋಡಿನ, ಅಂದರೆ ಕಾಡಿನ ಹಾಡಿಯ, ಸೋಲಿಗರ ಹೆಂಗಸು, ಐವತ್ತು ದಾಟಿದವಳು, ಜೊತೆಗೆ ಆರು ಜನ ಹೆಂಗಸರು. ಲಂಟಾನ ಕೀಳುವುದರಲ್ಲಿ ಅವಳಿಗೆ ಸಮನಾದವರು ಈ ಸೀಮೆಯಲ್ಲಿರಲಿಲ್ಲ, ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಪೊದೆಯನ್ನು ಮೇಲಿಂದ ಸವರುವವರನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. ಮಣ್ಣು ಬಿಡಿಸಿ, ಬುಡದ ಗಂಟಿನ ಕೆಳಗೆ ಬೇರಿಗೆ ಪೆಟ್ಟು ಹಾಕಿ, ಇಡೀ ಗಿಡವನ್ನು ಎತ್ತಿ ತಲೆಕೆಳಗಾಗಿಸಿ, ಬೇರು ಆಕಾಶ ನೋಡುವಂತೆ ಇಟ್ಟುಬಿಡಬೇಕು. ಬೇರು ಮತ್ತೆ ನೆಲ ಮುಟ್ಟಿದರೆ ಮುಗಿಯಿತು, ಬಿಟ್ಟ ಜಾಗದಲ್ಲೇ ಚಿಗುರುತ್ತದೆ.

"ಇಲ್ಲಿಂದ ಬಟ್ಟೆ ಕಟ್ಕಂಡ್ ಬೀಳಕೆ ಜನ ಬತ್ತಾರಾ?" ಎಂದು ಅವಳು ಮೊದಲ ದಿನ ಕೇಳಿದಳು.

"ಬತ್ತಾರೆ ಕಣಕ್ಕ. ದುಡ್ ಕೊಟ್ಟು ಬತ್ತಾರೆ."

"ಜೇನ್ ತಕ್ಕಬರಕೆ ನಮ್ಮೋರು ಬಂಡೆ ಇಳೀತಾರೆ. ಜೇನಾದ್ರೂ ಸಿಕ್ತದೆ." ಅಷ್ಟು ಹೇಳಿ ಮುಂದಿನ ಬುಡಕ್ಕೆ ಪಿಕಾಸಿ ಹಾಕಿದಳು.

ಮೂರು ವಾರ ಕೆಲಸ ನಡೆಯಿತು. ದಿನ ಕಳೆದಂತೆ ಹಳೆಯ ಇಳಿಜಾರು ತೇಪೆ ತೇಪೆಯಾಗಿ ಹೊರಗೆ ಬಂತು. ಹುಲ್ಲಿನ ಬುಡಗಳನ್ನು ಕ್ಯಾತಮ್ಮ ಹುಷಾರಾಗಿ ಉಳಿಸುತ್ತಿದ್ದಳು, ರೆಕ್ಕೆಯ ದಾರ ಸಿಕ್ಕಿಕೊಳ್ಳುತ್ತದೆ ಅಂತ ದೀಪ ಹೇಳಿದ ಮೇಲೆ ಲಂಟಾನದ ಬೆರಳು ಗಾತ್ರದ ಕೂಳೆಯನ್ನೂ ಬಿಡಲಿಲ್ಲ. ದೀಪ ತಾನೂ ಪಿಕಾಸಿ ಹಿಡಿದು, ಅಂಗೈ ಬೊಬ್ಬೆ ಬರಿಸಿಕೊಂಡು, ಮೂರನೆಯ ದಿನ ಕ್ಯಾತಮ್ಮನಿಂದ ಬೈಸಿಕೊಳ್ಳದೆ ಒಂದು ಗಿಡ ಕಿತ್ತಳು. ಜಡೇಸ್ವಾಮಿ ಕಲ್ಲು ಆರಿಸಿದ. ನಿಂಗರಾಜು ಬಿದ್ದ ಬಂಡೆಯ ಸುತ್ತ ಬೆಳೆದಿದ್ದ ಪೊದೆಯನ್ನು ಮಾತ್ರ ತಾನೇ ಕಿತ್ತ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಕೆಲಸ ಮುಗಿಯುತ್ತ ಬಂದಾಗ ಗುರುಪಾದಸ್ವಾಮಿಗೆ ವಾಸನೆ ಹತ್ತಿತು. ಬೆವರು ಸುರಿಯುವ ದಿನಗಳಲ್ಲಿ ಇತ್ತ ತಲೆ ಹಾಕದವನು, ನೆಲ ಕಾಣತೊಡಗಿದ ಕೂಡಲೇ 'ಸೀಗೆಬೋರೆ ಸಾಹಸ ಸಮಿತಿ' ಎಂದು ಒಂದನ್ನು ಕಟ್ಟಿಕೊಂಡು ತಾನೇ ಅಧ್ಯಕ್ಷನಾಗಿ ಜೀಪಿನಲ್ಲಿ ಬಂದಿಳಿದ. ಜೊತೆಗೆ ಫೋಟೋ ತೆಗೆಯುವವನು, ಪೆಟ್ರೋಲಿನ ಕಳೆ ಕತ್ತರಿಸುವ ಮಷೀನು, ಕಪ್ಪು ಕನ್ನಡಕ, ಎರಡು ಕೈಗೂ ಗ್ಲೌಸು. ಉಳಿದಿದ್ದ ಒಂದು ಪೊದೆಯ ಮೇಲೆ ಮಷೀನು ಆಡಿಸಿ, ನಾಲ್ಕು ನಿಮಿಷಕ್ಕೆ ಉಸ್ಸಪ್ಪಾ ಎಂದು ಆರಿಸಿದ. ಆ ನಾಲ್ಕು ನಿಮಿಷದಲ್ಲಿ ಇಪ್ಪತ್ತಾರು ಫೋಟೋ ಆದವು. ಹೊಟ್ಟೆ ಒಳಗೆ ಎಳೆದುಕೊಂಡದ್ದು ಯಾವುದರಲ್ಲಿ ಚೆನ್ನಾಗಿ ಬಂದಿದೆ ಎಂದು ನೋಡಲು ಇನ್ನೂ ಹತ್ತು ನಿಮಿಷ ಹಿಡಿಯಿತು.

ಕ್ಯಾತಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇನ್ ಗಡ್ಡ ಕೆರ್ದಂಗೆ ಕೆರ್ದವ್ನೆ? ನಾಳಿದ್ದುಕ್ಕೆ ಬೆಳೀತದೆ" ಅಂದು, ಅವನ ಎದುರೇ ಆ ಬುಡವನ್ನು ಕಿತ್ತು ತಲೆಕೆಳಗೆ ಮಾಡಿ ಇಟ್ಟಳು.

ಗುರುಪಾದಸ್ವಾಮಿ ಜಡೇಸ್ವಾಮಿಯನ್ನು ಕಂಡು ಬಾಯಿತುಂಬ ನಕ್ಕ. "ಏನಯ್ಯಾ ಜಡೆಯಾ, ಮತ್ತೆ ಒಂದಾದ್ವಲ್ಲ! ಹಳೇದೆಲ್ಲಾ ಮರ್ತ್ಬುಡು." ನಿಂಗರಾಜು ಹೇಗಿದ್ದಾನೆ ಎಂದು ಕೇಳುತ್ತಾನೇನೋ ಎಂದು ಜಡೇಸ್ವಾಮಿ ಕಾದ. ಅವನು ಕೇಳಿದ್ದು ಶಾಮಿಯಾನ ಎಲ್ಲಿ ಹಾಕಿಸಿದರೆ ಚೆನ್ನಾಗಿ ಕಾಣುತ್ತದೆ ಎಂದು. ಶಿವರಾತ್ರಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಉದ್ಘಾಟನೆ, ಮುಖ್ಯ ಅತಿಥಿಗಳು ಕೊಳ್ಳೇಗಾಲದ ಕಡೆಯಿಂದ ಬರುತ್ತಾರೆ, ಅವರು ಬಾವುಟ ಬೀಸಿದ ಮೇಲೆ ದೀಪ ಹಾರಬೇಕು ಎಂದು ಎಲ್ಲವನ್ನೂ ಅವನೇ ಗೊತ್ತು ಮಾಡಿದ. ಎಂಟು ಗಂಟೆ ಅಂದದ್ದರಿಂದ ಜಡೇಸ್ವಾಮಿ ಸುಮ್ಮನಿದ್ದ.

ಆ ಭಾನುವಾರ ಆರೂವರೆಗೆ ಜಡೇಸ್ವಾಮಿ, ದೀಪ ಗುಡ್ಡ ಹತ್ತಿ ಬಂದು ನಿಂತವರು ಹಾಗೇ ನಿಂತುಬಿಟ್ಟರು. ಮೂರು ವಾರ ಬೋಳಿಸಿದ ಇಳಿಜಾರಿನ ತುಂಬ ಕಬ್ಬಿಣದ ಟ್ರೀಗಾರ್ಡುಗಳು. ಐವತ್ತೊಂದು ಇದ್ದವು, ಸಾಲು ತಪ್ಪದೆ, ಪ್ರತಿಯೊಂದರೊಳಗೂ ಒಂದೊಂದು ಹೊಂಗೆ ಸಸಿ. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ 'ಗುರುಪಾದಸ್ವಾಮಿಯವರ ಕೊಡುಗೆ' ಎಂದು ಬರೆಸಿತ್ತು. ಹಿಂದಿನ ಸಂಜೆ ಆಳುಗಳು ಬಂದು ನೆಟ್ಟು ಹೋಗಿದ್ದರು.

ಅಧ್ಯಕ್ಷರು ನೆತ್ತಿಯ ಮೇಲೆ ಶಾಮಿಯಾನದ ಕೆಳಗೆ ರೇಷ್ಮೆ ಪಂಚೆಯಲ್ಲಿ ನಿಂತಿದ್ದರು.

"ಸಾ, ಇದೇನ್ ಸಾ ಇದು?" ಅಂದ ಜಡೇಸ್ವಾಮಿ.

"ವನಮಹೋತ್ಸವ ಕಣಯ್ಯಾ. ಅತಿಥಿಗಳು ಬಂದ್ಮೇಲೆ ಒಂದ್ ಗಿಡಾನಾದ್ರೂ ನೆಡಿಸ್ಬೇಡ್ವಾ? ಇಷ್ಟೊಂದ್ ಖಾಲಿ ಜಾಗ ಸಿಕ್ಕದೆ."

"ಓಡಾ ಜಾಗ ಸಾ ಅದು. ರೆಕ್ಕೆ ಕಟ್ಕಂಡ್ ಓಡಾ ಜಾಗ. ಖಾಲಿ ಮಾಡಕೇ ಮೂರ್ ವಾರ ಸತ್ತಿರಾದು."

"ಸಂದೀಲ್ ಓಡ್ಲಿ. ಆರಡಿ ಬಿಟ್ಟಿವ್ನಿ."

ದೀಪಳ ರೆಕ್ಕೆ ಬಿಡಿಸಿದರೆ ಮೂವತ್ತು ಅಡಿ ಅಗಲ. ಅದನ್ನು ಈ ಮನುಷ್ಯನಿಗೆ ತಿಳಿಸಿ ಹೇಳುವ ಬದಲು ಟ್ರೀಗಾರ್ಡಿಗೇ ಹೇಳಿದ್ದರೆ ವಾಸಿ ಎಂದು ಜಡೇಸ್ವಾಮಿಗೆ ಅನ್ನಿಸಿತು. ಮಾಘದ ಬಿಸಿಲಿಗೆ, ಒಂದು ಹನಿ ನೀರಿಲ್ಲದ ಗುಡ್ಡದ ನೆತ್ತಿಯಲ್ಲಿ, ಗಿಡ ಇರಬಾರದ ಒಂದೇ ಒಂದು ಜಾಗವನ್ನು ಹುಡುಕಿ ಐವತ್ತೊಂದು ಗಿಡ ನೆಡುವುದಕ್ಕೆ ಎಂಥ ತಲೆ ಬೇಕು! ಆ ತಲೆಗೆ ಸಮಿತಿಯವರು ಬೆಳಿಗ್ಗೆಯೇ ಮೈಸೂರು ಪೇಟ ಬೇರೆ ತೊಡಿಸಿದ್ದರು.

ಕ್ಯಾತಮ್ಮನೂ ಅವಳ ಹೆಂಗಸರೂ ಬಂದಿದ್ದರು, ಶಾಲು ಹೊದಿಸುತ್ತೇವೆ ಎಂದು ಕರೆಸಿದ್ದರು. ಅವಳು ಇಳಿಜಾರನ್ನೊಮ್ಮೆ ನೋಡಿದಳು. ದೀಪಳ ಮುಖ ನೋಡಿದಳು. "ಎಷ್ಟಗಲ ಬೇಕವ್ವಾ ನಿಂಗೆ?" ಎಂದು ಕೇಳಿದಳು.

"ಮಧ್ಯದ ಐದ್ ಸಾಲು ಹೋದ್ರೆ ಸಾಕಮ್ಮ."

"ಮುಟ್ಟಂಗಿಲ್ಲ!" ಗುರುಪಾದಸ್ವಾಮಿ ಮೇಲಿಂದ ಕೂಗಿದ. "ಅತಿಥಿಗಳು ನೀರು ಹುಯ್ಯಗಂಟ ಒಂದೂ ಮುಟ್ಟಂಗಿಲ್ಲ!"

"ನಮ್ಗೆ ಕೀಳಾದ್ ಬುಟ್ಟು ಬ್ಯಾರೇನೂ ಬರಲ್ಲ ಕಣಪ್ಪೋ" ಅಂದಳು ಕ್ಯಾತಮ್ಮ. ಅರ್ಧ ಗಂಟೆಯಲ್ಲಿ ಐದು ಸಾಲು ಕಿತ್ತು, ಗುಂಡಿ ಮುಚ್ಚಿ, ತುಳಿದು ಸಮ ಮಾಡಿದರು. ಸಸಿಗಳನ್ನು ಮಾತ್ರ ತಲೆಕೆಳಗೆ ಮಾಡಲಿಲ್ಲ, ಬೇರಿನ ಮಣ್ಣು ಉದುರದಂತೆ ನೆರಳಿಗೆ ಎತ್ತಿಟ್ಟರು. ಶಾಲಿನ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಎಂಟು ಗಂಟೆಗೆ ಗಾಳಿ ಹೂವಿನಂತೆ ಇತ್ತು. ಕೆಳಗಿನ ರಾಗಿ ಕೂಳೆಯ ಹೊಲಗಳಿಂದ ಮೆಲ್ಲಗೆ, ಒಂದೇ ಸಮನೆ ಮೇಲಕ್ಕೆ ಬರುತ್ತಿತ್ತು. ಜಡೇಸ್ವಾಮಿ ಹುಲ್ಲು ಹರಿದು ತೂರಿ ನೋಡಿದ, ಅದು ಅವನ ಎದೆಗೇ ಬಂದು ಬಿತ್ತು. ಕೆಂಪು ಬಟ್ಟೆ ಇಳಿಸಿದ. ದೀಪ ರೆಕ್ಕೆ ಹರಡಿಕೊಂಡು, ಹೆಲ್ಮೆಟ್ ಹಾಕಿಕೊಂಡು ನಿಂತಳು. ಅತಿಥಿಗಳು ಇನ್ನೂ ಮನೆ ಬಿಟ್ಟಿರಲಿಲ್ಲ.

ಒಂಬತ್ತಾಯಿತು. ಅತಿಥಿಗಳು ಪೂಜೆಯಲ್ಲಿದ್ದಾರೆ ಎಂದು ಮೈಕಿನಲ್ಲಿ ಹೇಳಿದರು. ಹತ್ತಾಯಿತು. ಅತಿಥಿಗಳು ಹನೂರಿನಲ್ಲಿ ತಿಂಡಿಗೆ ಕೂತಿದ್ದಾರೆ ಅಂದರು. ಅಲ್ಲಿಯವರೆಗೆ ಸಮಿತಿಯ ಏಳು ಜನ ಒಬ್ಬರಿಗೊಬ್ಬರು ಹಾರ ಹಾಕಿಕೊಂಡು, ಒಬ್ಬರನ್ನೊಬ್ಬರು ಧೀಮಂತರು ಎಂದು ಕರೆದುಕೊಂಡು ಹೊತ್ತು ಕಳೆದರು. ಅಧ್ಯಕ್ಷರು ಸಾಹಸದ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿ, ನಿಂತು ನಿಂತು ಕಾಲು ನೋವು ಬಂದು ಕುರ್ಚಿ ತರಿಸಿಕೊಂಡರು. ದೀಪ ಈಗಲೇ ಹಾರಿಬಿಡುತ್ತೇನೆ, ಗಾಳಿ ಹೋಗುತ್ತದೆ ಅಂದಾಗ, "ಬಾವುಟ ಬೀಸದ ಮುಂಚೆ ಹಾರುದ್ರೆ ಅವ್ರಿಗೆ ಅವಮಾನ ಆಗದಾ ತಾಯಿ? ಜಾಗದ ಪರ್ಮಿಷನ್ನು ಮತ್ತೆ ಬೇಕಾಗ್ತದೆ ನಿಂಗೆ" ಎಂದು ಗುರುಪಾದಸ್ವಾಮಿ ಸಕ್ಕರೆಯಂಥ ದನಿಯಲ್ಲಿ ಹೇಳಿದ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಜಡೇಸ್ವಾಮಿಯ ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ಹುಲ್ಲು ತೂರಿದ. ಅದು ಇಳಿಜಾರಿನ ಕೆಳಕ್ಕೆ ಹೋಯಿತು. ಅವನು ಗಳುವಿನ ಹತ್ತಿರ ಹೋಗಿ ಕೆಂಪು ಬಟ್ಟೆ ಏರಿಸಿದ, ಹಗ್ಗದ ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಕೆಳಗೆ ಕೂತ.

ಅತಿಥಿಗಳು ಹನ್ನೆರಡೂ ಕಾಲಿಗೆ ಬಂದರು. ಮೂರು ಕಾರು, ಒಂದು ವ್ಯಾನು. ಉಳಿದ ಸಸಿಗಳಲ್ಲೊಂದಕ್ಕೆ ಬಾಟಲಿಯಿಂದ ಒಂದು ಗುಟುಕು ನೀರು ಹಾಕಿ, ಮಿಕ್ಕಿದ್ದನ್ನು ತಾವೇ ಕುಡಿದರು. ಸಮಿತಿಯವರು ಅವರ ಕೈಗೆ ಬಾವುಟ ಕೊಟ್ಟರು. ಅವರು ಬೀಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಬೀಸಿದರು.

ದೀಪ ಗಳುವಿನ ಕಡೆ ನೋಡುತ್ತ ನಿಂತಿದ್ದಳು. ಆಮೇಲೆ ಜಡೇಸ್ವಾಮಿಯ ಕಡೆ ನೋಡಿದಳು. ಆ ನೋಟ ಅವನಿಗೆ ಗೊತ್ತಿದ್ದ ನೋಟ.

ಗುರುಪಾದಸ್ವಾಮಿ ಪಂಚೆ ಎತ್ತಿಕೊಂಡು ದಾಪುಗಾಲು ಹಾಕುತ್ತ ಬಂದ. ಜನರ ಮುಂದೆ ನಗುನಗುತ್ತಲೇ ಬಗ್ಗಿ, ಹದಿನಾಲ್ಕು ವರ್ಷದ ಹಿಂದಿನ ಜಾಗದಲ್ಲೇ, ಅದೇ ಕಿವಿಗೆ ಬಾಯಿಟ್ಟು ಅಂದ: "ಒಂದ್ ನಿಮಿಷ ಇಳ್ಸಯ್ಯ. ಆಮೇಲ್ ಬೇಕಾದ್ರೆ ಏರಿಸ್ಕೊ."

ಒಂದು ಅಕ್ಷರವೂ ಬದಲಾಗಿರಲಿಲ್ಲ. ಈ ಮಾತನ್ನು ತಾನು ಹಿಂದೆ ಹೇಳಿದ್ದೆ ಎಂಬುದೂ ಅವನಿಗೆ ನೆನಪಿರಲಿಲ್ಲ. ಇವನ ದುಷ್ಟತನವನ್ನು ಇಷ್ಟು ವರ್ಷ ದೊಡ್ಡದೆಂದು ತಿಳಿದು ಹೊತ್ತುಕೊಂಡು ತಿರುಗಿದ್ದೆನಲ್ಲ, ಇವನಿಗೆ ದುಷ್ಟನಾಗುವಷ್ಟೂ ಬುದ್ಧಿಯಿಲ್ಲ ಎಂದು ಜಡೇಸ್ವಾಮಿಗೆ ಆಗ ಹೊಳೆಯಿತು.

"ಇಳ್ಸಲ್ಲ ಸಾ" ಅಂದ.

"ಎಲ್ಲಾರ್ ಮುಂದೆ ಮಾನ ಕಳೀತೀಯಾ?"

"ಇಳ್ಸಲ್ಲ."

"ನೀನ್ಯಾವನಯ್ಯಾ ಯೋಳಕೆ? ಪಂಕ್ಚರ್ ಹಾಕವ್ನು!" ನಗು ಹೋಗಿ ದನಿ ಏರಿತು. ಸಮಿತಿಯವರೂ ಬಂದು ಸುತ್ತ ನಿಂತರು. ಹೆದರುಪುಕ್ಕಲ ಅಂದ ಒಬ್ಬ. ತಮ್ಮನ ಕಾಲು ತೆಗೆದವನು ಇವನೇ, ಇವನನ್ನು ಇಲ್ಲಿ ಬಿಟ್ಟುಕೊಂಡದ್ದೇ ತಪ್ಪು ಅಂದ ಇನ್ನೊಬ್ಬ. ಅದು ಸರಿಯಾಗಿ ತಾಗಬೇಕಾದಲ್ಲಿಗೇ ತಾಗಿತು. ಜಡೇಸ್ವಾಮಿ ತಲೆ ಎತ್ತಲಿಲ್ಲ, ಕೈಗೆ ಸುತ್ತಿದ ಹಗ್ಗವನ್ನೂ ಬಿಡಲಿಲ್ಲ. ಅಷ್ಟರಲ್ಲಿ ದೀಪ ಹೆಲ್ಮೆಟ್ ತೆಗೆದು, ರೆಕ್ಕೆಯನ್ನು ಮಡಿಚಿ ಚೀಲಕ್ಕೆ ತುಂಬತೊಡಗಿದಳು. ಅತಿಥಿಗಳು ಕೈಯಲ್ಲಿದ್ದ ಬಾವುಟವನ್ನು ಎಲ್ಲಿಡುವುದು ಎಂದು ತಿಳಿಯದೆ ಡ್ರೈವರಿಗೆ ಕೊಟ್ಟರು.

ಗುಡ್ಡದ ಬೆನ್ನ ಕಡೆಯಿಂದ ಗಾಳಿ ಬಂದದ್ದು ಆಗಲೇ. ಶಾಮಿಯಾನ ಒಮ್ಮೆ ಹೊಟ್ಟೆ ಉಬ್ಬಿಸಿತು, ಗೂಟಗಳು ಪಟಪಟ ಕಿತ್ತುಬಂದವು. ಹದಿನಾಲ್ಕು ವರ್ಷದ ನಂತರ ಸೀಗೆಬೋರೆಯಿಂದ ಮೊದಲು ಹಾರಿದ್ದು ಸಮಿತಿಯ ಶಾಮಿಯಾನ. ಹಳದಿ ಕೆಂಪು ಪಟ್ಟೆಯ ಆ ಬಟ್ಟೆ ಇಪ್ಪತ್ತು ಅಡಿ ಎದ್ದು, ಗಾಳಿಯಲ್ಲೇ ಮಡಿಚಿಕೊಂಡು ದೊಪ್ಪನೆ ಬಿದ್ದು, ಟ್ರೀಗಾರ್ಡುಗಳಿಗೆ ಸಿಕ್ಕಿ ಹರಿಯಿತು. ಯಾರಿಗೂ ಏನೂ ಆಗಲಿಲ್ಲ. ಮೈಸೂರು ಪೇಟ ಮಾತ್ರ ಮೈಕಿನ ಡಬ್ಬದ ಹಿಂದೆ ಸಿಕ್ಕಿತು.

ಕ್ಯಾತಮ್ಮ ಬಂಡೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವಳು, "ಈ ಗಾಳೀಲೇನಾ ಆ ಹುಡ್ಗಿ ಹಾರ್ಲಿ ಅಂತಿದ್ದುದ್ದು?" ಎಂದು ಅಧ್ಯಕ್ಷರನ್ನೇ ಕೇಳಿದಳು.

"ಶಾಮಿಯಾನದವ್ನು ನೆಟ್ಟಗೆ ಕಟ್ಟಿಲ್ಲ" ಅಂದ ಗುರುಪಾದಸ್ವಾಮಿ. ಅವನಿಗೆ ಹೊಳೆದದ್ದು ಅಷ್ಟೇ. ಸಂಜೆಯ ಹೊತ್ತಿಗೆ ಎಲ್ಲರ ಫೋನಿಗೂ ಬಾವುಟ ಬೀಸುವ ಫೋಟೋ ಬಂತು, ಕೆಳಗೆ 'ಕಾರ್ಯಕ್ರಮ ಅಭೂತಪೂರ್ವ ಯಶಸ್ವಿ' ಎಂದಿತ್ತು.

ಮಾರನೆಯ ಬೆಳಿಗ್ಗೆ ಗುಡ್ಡದ ಮೇಲೆ ಇದ್ದವರು ದೀಪ, ಜಡೇಸ್ವಾಮಿ, ಕ್ಯಾತಮ್ಮ ಮತ್ತು ಅವಳ ಹೆಂಗಸರು, ಅಷ್ಟೇ ಜನ. ಹೆಂಗಸರು ಉಳಿದ ಟ್ರೀಗಾರ್ಡುಗಳನ್ನು ಕಿತ್ತು, ಸಸಿಗಳನ್ನೆಲ್ಲ ಕೆಳಗೆ ಹಳ್ಳದ ಅಂಚಿಗೆ ಸಾಗಿಸುತ್ತಿದ್ದರು. ಏಳೂ ಮುಕ್ಕಾಲಿಗೆ ಗಾಳಿ ಎದೆಗೆ ಬಂತು. ಜಡೇಸ್ವಾಮಿ ಎರಡು ಸಲ ಹುಲ್ಲು ತೂರಿದ, ಮೂರನೆಯ ಸಲವೂ ತೂರಿದ. ಆಮೇಲೆ ಹಗ್ಗ ಬಿಚ್ಚಿ ಕೆಂಪು ಬಟ್ಟೆಯನ್ನು ತಾನಾಗಿ ಇಳಿಸಿ ಹೆಗಲಿಗೆ ಹಾಕಿಕೊಂಡ.

ದೀಪ ಆರು ಹೆಜ್ಜೆ ಓಡಿದಳು. ಏಳನೆಯ ಹೆಜ್ಜೆಗೆ ನೆಲವಿರಲಿಲ್ಲ. ರೆಕ್ಕೆ ಅವಳನ್ನು ಎತ್ತಿಕೊಂಡು, ಬಂಡೆಯ ಮೇಲಿಂದ, ಕೌದಳ್ಳಿಯ ಹಂಚುಗಳ ಮೇಲಿಂದ, ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಭಕ್ತರ ಸಾಲಿನ ಮೇಲಿಂದ ದೊಡ್ಡದೊಂದು ಸುತ್ತು ಹಾಕಿತು. ಕೆಳಗೆ ಭಕ್ತರು ಕತ್ತೆತ್ತಿ ಉಘೇ ಅಂದದ್ದು ಗುಡ್ಡದವರೆಗೂ ಕೇಳಿಸಿತು. "ಏನೂ ತಕ್ಕಬರದಿದ್ರೂ ಪರ್ವಾಗಿಲ್ಲ ಬುಡು, ಚೆಂದಾಗದೆ" ಅಂದಳು ಕ್ಯಾತಮ್ಮ. ದೀಪ ಕೆರೆಯ ಪಕ್ಕದ ಕೂಳೆ ಹೊಲದಲ್ಲಿ ಮೆಟ್ಟಿಲು ಇಳಿದಷ್ಟು ಸಲೀಸಾಗಿ ಇಳಿದಳು. ಜಡೇಸ್ವಾಮಿ ಅಳುತ್ತಿದ್ದ, ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ.

ಗುಡ್ಡ ಇಳಿದವನು ಅಂಗಡಿಗೆ ಹೋಗಲಿಲ್ಲ. ನೆಟ್ಟಗೆ ನಿಂಗರಾಜುವಿನ ಜೆರಾಕ್ಸ್ ಅಂಗಡಿಗೆ ಹೋದ. ಹದಿನಾಲ್ಕು ವರ್ಷ ಪ್ರತಿ ದಿನವೂ ಹೋಗಿ ಕೂತು, ಊರಿನವರ ದಡ್ಡತನವನ್ನೆಲ್ಲ ಅಣಕಿಸಿ ತಮ್ಮನನ್ನು ನಗಿಸಿ ಬರುವ ಜಾಗ ಅದು. ಬಿದ್ದ ದಿನದ ಬಗ್ಗೆ ನಿಂಗರಾಜು ಇಷ್ಟು ವರ್ಷದಲ್ಲಿ ಒಂದು ಮಾತು ಆಡಿರಲಿಲ್ಲ. ಜಡೇಸ್ವಾಮಿಯೂ ಎತ್ತಿರಲಿಲ್ಲ. ಇವತ್ತು ಎತ್ತಬಹುದು, ಇವತ್ತು ತನಗೆ ಆ ಹಕ್ಕು ಬಂದಿದೆ ಎಂದು ಅವನಿಗೆ ಅನ್ನಿಸಿತ್ತು.

ನಿಂಗರಾಜು ಗಾಲಿಕುರ್ಚಿಯಲ್ಲಿ ಕೂತು ಯಾರದೋ ಪಹಣಿಯ ಕಾಪಿ ತೆಗೆಯುತ್ತಿದ್ದ. ಜಡೇಸ್ವಾಮಿ ಕೂತವನೇ ಶುರು ಮಾಡಿದ. ಟ್ರೀಗಾರ್ಡು, ಪೇಟ, ಕುರ್ಚಿ ತರಿಸಿಕೊಂಡ ಸಾಹಸಿ, ಬಾವುಟ ಡ್ರೈವರಿಗೆ ಕೊಟ್ಟದ್ದು, ಶಾಮಿಯಾನ. ನಿಂಗರಾಜು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಜಡೇಸ್ವಾಮಿ ಹೆಗಲ ಮೇಲಿನ ಕೆಂಪು ಬಟ್ಟೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅದೇ ಮಾತ್ ಅಂದ ಕಣ್ಲಾ. ಒಂದ್ ನಿಮಿಷ ಇಳ್ಸು ಅಂತ. ಅದೇ ಕಿವೀಲಿ. ನಾ ಇಳ್ಸ್ನಿಲ್ಲ."

ನಿಂಗರಾಜುವಿನ ನಗು ನಿಧಾನವಾಗಿ ನಿಂತಿತು. "ಇಳ್ಸ್ನಿಲ್ವಾ?"

"ಇಳ್ಸ್ನಿಲ್ಲ. ಎಲ್ಲಾ ಸುತ್ಕಂಡ್ರು. ಆದ್ರೂ ಇಳ್ಸ್ನಿಲ್ಲ."

"ಸುತ್ಕಂಡು ಏನ್ ಮಾಡುದ್ರಣ್ಣ ನಿನ್ನ?"

"ಏನ್ ಮಾಡಾರು? ಬೈದ್ರು."

"ಹೊಡೆದ್ರಾ?"

"ಹೊಡೆಯಾಕಿದ್ದದಾ? ಬೈದ್ರು, ಅಷ್ಟೇ."

"ಬೈದ್ರು, ಅಷ್ಟೇ" ಅಂದ ನಿಂಗರಾಜು. ಮಷೀನಿನಿಂದ ಬಂದ ಕಾಗದವನ್ನು ತೆಗೆದು, ಅಂಚು ಸರಿ ಮಾಡಿ, ಮೇಜಿನ ಮೇಲಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೊನೆಗೂ ಕಂಡವನಂತೆ ಅಣ್ಣನ ಮುಖವನ್ನೇ ನೋಡಿದ.

"ಅವತ್ತೂ ಅಷ್ಟೇಯಾ ಆಗ್ತಿದ್ದುದ್ದು, ಅಣ್ಣ?"

ಊರಿನ ಪ್ರತಿಯೊಬ್ಬರಿಗೂ ಒಂದೊಂದು ಉತ್ತರ ಇಟ್ಟುಕೊಂಡಿದ್ದ ಜಡೇಸ್ವಾಮಿ ತೊಡೆಯ ಮೇಲಿನ ಕೆಂಪು ಬಟ್ಟೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ಆಧಾರ್ ಕಾರ್ಡಿನದು ಎರಡು ಕಾಪಿ ಕೇಳಿದರು. ನಿಂಗರಾಜು ಗಾಲಿ ತಿರುಗಿಸಿಕೊಂಡು ಮಷೀನಿನ ಕಡೆ ಹೋದ.